ನಾಲ್ಕನೆಯವನ ಧ್ವನಿ

ಸತ್ತವನ ತುಟಿ ಅಲುಗಿತು. ಮಾತು ಬರಲಿಲ್ಲ.

ಡಬ್ಬಿಂಗ್ ಕೋಣೆಯ ಕತ್ತಲೆಯಲ್ಲಿ ಎಲ್ಲರೂ ಆ ತುಟಿಯನ್ನೇ ನೋಡುತ್ತಿದ್ದರು. ತೆರೆಯ ಮೇಲೆ ನಾಯಕ ಬಾಗಿಲ ಕಡೆ ಕೈಚಾಚಿ ಏನೋ ಹೇಳುತ್ತಾನೆ, ಕಣ್ಣು ತುಂಬಿಕೊಳ್ಳುತ್ತಾನೆ. ಚಿತ್ರೀಕರಣವೇನೋ ಮುಗಿದಿತ್ತು. ಧ್ವನಿ ಸೇರಿಸುವ ಮೊದಲೇ ಮನುಷ್ಯ ಹೊರಟುಹೋದ. ಈಗ ತಿಂಗಳಾಯಿತು. ಆ ಬಾಯಿಗೆ ಬೇರೆಯವರ ಮಾತು ಕೂರಿಸಬೇಕು.

ಬೆಳಗಿನಿಂದ ಮೂವರು ಬಂದುಹೋಗಿದ್ದರು. ಮೊದಲನೆಯವನದು ನೆಗಡಿಯಾದ ಧ್ವನಿ. ಎರಡನೆಯವನು ಪರವಾಗಿಲ್ಲ. ಮೂರನೆಯವನ ಅನುಕರಣೆಗೆ ನಿರ್ದೇಶಕನಿಗೆ ನಗು ಬಂತು. ಹಿಂದೆ ಕೂತಿದ್ದ ವಿಧವೆಯ ನೆನಪಾಗಿ ನುಂಗಿಕೊಂಡ. ಮೂವರಿಗೂ ಮುದುಕ ಧ್ವನಿಗ್ರಾಹಕ ಎದ್ದು ಬಂದು ಮೈಕಿನ ಎತ್ತರ ಬದಲಿಸಿದ್ದ. ಅವರು ಹೋದಮೇಲೆ ಪ್ರತಿಸಲವೂ ಅದನ್ನು ಹಳೆಯ ಅಳತೆಗೇ ತಂದು ಬಿಗಿದಿದ್ದ. ಹನ್ನೊಂದು ವರ್ಷದ ಅಭ್ಯಾಸ, ಕೈ ಕೇಳುವುದಿಲ್ಲ.

ಸತ್ತವನು ಸಾಮಾನ್ಯನಲ್ಲ. ಒಂದು ಕಾಲಕ್ಕೆ ಅವನ ಹಾಡಿಲ್ಲದೆ ಬಸ್ಸು ಹೊರಡುತ್ತಿರಲಿಲ್ಲ, ಕ್ಷೌರದಂಗಡಿಯಲ್ಲಿ ಕತ್ತರಿ ಆಡುತ್ತಿರಲಿಲ್ಲ. ಹೆಸರು ಆಕಾಶ ಮುಟ್ಟಿದ್ದಾಗಲೇ ಹಾಡು ಬಿಟ್ಟು ಸಿನಿಮಾಕ್ಕೆ ಬಂದ. ಆಮೇಲೆ ಒಂದು ಸಾಲೂ ಹಾಡಲಿಲ್ಲ, ಒಂದು ಸಂದರ್ಶನವನ್ನೂ ಕೊಡಲಿಲ್ಲ. ದೃಷ್ಟಿ ತಾಗಿತು ಎಂದರು ಕೆಲವರು, ಕೊಬ್ಬು ಎಂದರು ಉಳಿದವರು. ಆದರೂ ಚಿತ್ರಮಂದಿರದ ಕತ್ತಲೆಯಲ್ಲಿ ಅವನು ‘ಅಮ್ಮಾ’ ಎಂದರೆ ಸಾಕು, ಗಟ್ಟಿ ಎದೆಯವರೂ ಅತ್ತುಬಿಡುತ್ತಿದ್ದರು.

ಕೆಲಸದಲ್ಲೂ ಅವನದು ಬೇರೆಯೇ ದಾರಿ. ಸೆಟ್ಟಿನಲ್ಲಿ ಬರೀ ತುಟಿ ಆಡಿಸುತ್ತಿದ್ದ. ಹಾಡುಗಾರ, ಗಂಟಲು ಉಳಿಸಿಕೊಳ್ಳುತ್ತಾನೆ ಎಂದುಕೊಂಡು ಯಾರೂ ಕೇಳಲಿಲ್ಲ. ಡಬ್ಬಿಂಗ್ ಎಂದರೆ ಬಾಗಿಲು ಭದ್ರ; ಒಳಗೆ ಮುದುಕನೊಬ್ಬನಿಗೇ ಜಾಗ ಎಂಬುದು ಎಲ್ಲರ ಲೆಕ್ಕ. ಹೆಂಡತಿ ಬಿಸಿನೀರಿನ ಫ್ಲಾಸ್ಕು ಹಿಡಿದು ಹೊರಗೆ ಕೂರುತ್ತಿದ್ದಳು. ಇವತ್ತೂ ಅದೇ ಫ್ಲಾಸ್ಕು ಅವಳ ಮಡಿಲಲ್ಲಿತ್ತು. ಯಾಕೆ ತಂದೆನೆಂದು ಅವಳಿಗೇ ಗೊತ್ತಿರಲಿಲ್ಲ.

ನಾಲ್ಕನೆಯವನು ಒಳಗೆ ಬಂದ. ಇದೇ ಸ್ಟುಡಿಯೋದ ಹಳೆಯ ಹುಲಿ, ಹಲ್ಲಿಲ್ಲದ ಹುಲಿ. ಇಪ್ಪತ್ತು ವರ್ಷದಿಂದ ಪೇದೆಗಳಿಗೆ, ಡ್ರೈವರುಗಳಿಗೆ, ‘ನಮ್ಮ ಕೈಲಾದ್ದು ಮಾಡಿದ್ವಿ’ ಎಂದು ತಲೆತಗ್ಗಿಸುವ ಡಾಕ್ಟರುಗಳಿಗೆ ಧ್ವನಿ ಕೊಟ್ಟವನು. ಅವನ ಹೆಸರು ತೆರೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಒಮ್ಮೆ ಬಂದರೆ ಸಾಕು, ಹೆಂಡತಿ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ ಎಂದು ಕ್ಯಾಂಟೀನಿನಲ್ಲಿ ಹೇಳುತ್ತಿದ್ದ. ಕೇಳಿದವರು ನಗುತ್ತಿದ್ದರು.

ಅವನು ಮೈಕಿನ ಮುಂದೆ ನಿಂತ. ಮುದುಕ ಕೂತಲ್ಲಿಂದ ಏಳಲಿಲ್ಲ. ಮತ್ತೆ ತುಟಿ ಅಲುಗಿತು.

“ಬಾಗಿಲು ಹಾಕಬೇಡ. ನಾನು ಬರ್ತೀನಿ.”

ಕೋಣೆ ತಣ್ಣಗಾಯಿತು. ನಿರ್ದೇಶಕನ ಮೈಯ ಕೂದಲು ನೆಟ್ಟಗಾದವು. ಧ್ವನಿ ಮೈಕಿನಿಂದ ಬಂದಂತಿರಲಿಲ್ಲ, ತೆರೆಯ ಮೇಲಿನ ಆ ಬಾಯಿಂದಲೇ ಬಂತು. ವಿಧವೆ ಸೆರಗು ಬಾಯಿಗೊತ್ತಿಕೊಂಡಳು. ಅವಳಿಗೆ ಭಯವಾಯಿತು, ನಿಜವಾದ ಭಯ. ಗಂಡ ಕಣ್ಣೆದುರು ಎದ್ದು ನಿಂತಿದ್ದ.

ಇನ್ನೇನು, ಗೆದ್ದೆವು ಎಂದು ನಿರ್ದೇಶಕ ಕುಣಿಯುವುದೊಂದು ಬಾಕಿ. ಪೋಸ್ಟರಿನಲ್ಲಿ ಇವನ ಹೆಸರನ್ನು ದೊಡ್ಡದಾಗಿ ಹಾಕೋಣ ಎಂದ. ನಾಲ್ಕನೆಯವನ ಕಣ್ಣಲ್ಲಿ ನೀರಾಡಿತು. ವಿಧವೆಯೂ ತಲೆಯಾಡಿಸಿದಳು.

“ಪತ್ರಿಕೆಯವರನ್ನ ಕರೆಸೋಣ ಅತ್ತಿಗೆ,” ಎಂದ ನಿರ್ದೇಶಕ. “ಅಣ್ಣನ ಹಳೇ ಪಿಕ್ಚರಿನ ಮಾತು, ಇವನ ಮಾತು, ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿಸೋಣ. ಒಂದು ಕೂದಲೆಳೆ ವ್ಯತ್ಯಾಸ ಹುಡುಕಲಿ ನೋಡೋಣ.”

ಅವಳ ತಲೆ ಆಡುವುದು ನಿಂತಿತು. ಅವಳು ಮುದುಕನನ್ನು ನೋಡಿದಳು. ಮುದುಕ ತನ್ನ ಯಂತ್ರದ ಗುಂಡಿಗಳನ್ನು ನೋಡಿಕೊಂಡ.

“ಬೇಡ,” ಎಂದಳು. “ನನ್ನ ಗಂಡನ ಧ್ವನಿ ಇದಲ್ಲ.”

ನಿರ್ದೇಶಕ ಬೇಡಿಕೊಂಡ, ರೇಗಿದ, ಮತ್ತೆ ಬೇಡಿಕೊಂಡ. ಅವಳು ಜಗ್ಗಲಿಲ್ಲ. ದುಃಖದಲ್ಲಿ ಕಿವಿಯೂ ಮಂಕಾಗುತ್ತದೆ, ಪಾಪ, ಎಂದುಕೊಂಡು ಸೋತ. ಕಟ್ಟಿಕೊಂಡವಳೇ ಅಲ್ಲ ಎಂದಮೇಲೆ ಹೌದು ಎನ್ನುವವರು ಯಾರು? ಎರಡನೆಯವನನ್ನು ಕರೆಸಲು ಹೇಳಿದ.

ನಾಲ್ಕನೆಯವನು ಬಾಯಿ ತೆರೆದ. ಒಂದೇ ಒಂದು ಮಾತು ಸಾಕಿತ್ತು. ಬಾಯಿ ಮುಚ್ಚಿಕೊಂಡು ಚಪ್ಪಲಿ ಮೆಟ್ಟಿ ಹೊರಗೆ ನಡೆದ.

ಮೆಟ್ಟಿಲ ಬಳಿ ಅವಳು ಓಡಿಬಂದು ತಡೆದಳು. ಫ್ಲಾಸ್ಕನ್ನು ಅವನ ಕೈಗಿಟ್ಟಳು. ನೀರು ಇನ್ನೂ ಬಿಸಿಯಿತ್ತು.

“ಕ್ಷಮಿಸಿಬಿಡಿ ಅಣ್ಣ. ಸಾಯೋವಾಗ ಕೈ ಹಿಡಿದು ಭಾಷೆ ತಗೊಂಡ್ರು.”

“ನನ್ನ ಹತ್ರಾನೂ ತಗೊಂಡಿದ್ರಲ್ಲಮ್ಮ,” ಎಂದ ಅವನು. “ನೀವೇನು ಸುಳ್ಳು ಹೇಳಲಿಲ್ಲ ಬಿಡಿ.”

ಅವನು ಇಳಿದು ಹೋದ. ಮುದುಕ ಎದ್ದು ಬಂದು ಬಾಗಿಲು ಹಿಡಿದು ನಿಂತಿದ್ದ. ಹಾಕಲು ಮನಸ್ಸು ಬರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಗಂಟಲಿನ ಆಪರೇಶನ್ ಆದ ದಿನದಿಂದ ಆ ಗಾಯಕನ ಬಾಯಿಂದ ಪಿಸುಮಾತಿಗಿಂತ ದೊಡ್ಡ ಸದ್ದು ಹೊರಟಿರಲಿಲ್ಲ; ತೆರೆಯ ಮೇಲೆ ಅವನಾಡಿದ ಒಂದೊಂದು ಮಾತೂ ಈಗ ಫ್ಲಾಸ್ಕು ಹಿಡಿದು ಬಸ್ ಸ್ಟಾಪಿನ ಕಡೆ ನಡೆದಿತ್ತು.