ದಿಬ್ಬ ಮತ್ತು ನರೇಶನ ಕಾರು

ವಿಠೋಬಾ ರಸ್ತೆಗೆ ಕೆನ್ನೆ ಹಚ್ಚಿ ಮಲಗಿ, ಮಗನ ಕಾರಿನ ತಳಕ್ಕೂ ದಿಬ್ಬಕ್ಕೂ ನಡುವೆ ಎಷ್ಟು ಬೆಳಕಿದೆ ಎಂದು ನೋಡುತ್ತಿದ್ದರು. ಗಾಡಿಗಳ ವೇಗ ತಡೆಯಲು ರಸ್ತೆಗೆ ಅಡ್ಡ ಹಾಕಿದ್ದ ಸಿರ್ಗಾಪುರದ ಆ ದಿಬ್ಬ ಸರ್ಕಾರದ್ದಲ್ಲ, ಓಣಿಯವರೇ ಸೇರಿ ಸಿಮೆಂಟು ಸುರಿದದ್ದು. ಎತ್ತರದಲ್ಲಿ ಯಾರೂ ಜಿಪುಣತನ ಮಾಡಿರಲಿಲ್ಲ. ನರೇಶ ತನ್ನ ಹಳೆಯ ಸ್ಪೋರ್ಟ್ಸ್ ಕಾರಿಗೆ ಜಹೀರಾಬಾದಿನಲ್ಲಿ ಕಪ್ಪು ಅಲಾಯ್ ಚಕ್ರ ಆರಿಸಿ ಹಾಕಿಸಿ, ಸ್ಪ್ರಿಂಗ್ ಬದಲಿಸಿ, ಗಾಡಿಯನ್ನು ನೆಲಕ್ಕೆ ಹತ್ತಿರ ಮಾಡಿಕೊಂಡು ಬಂದಿದ್ದ. ಕರಾರು ಅಪ್ಪನದು: ಈ ದಿಬ್ಬಕ್ಕೆ ತಳ ತಾಗಿದರೆ ನಾಳೆಯೇ ಹಳೆಯ ಸ್ಪ್ರಿಂಗು, ಹಳೆಯ ಚಕ್ರ.

“ಹೊಟ್ಟಿ ಮ್ಯಾಲ ಹೊಂಟದಲ್ಲೋ, ಹಾವೇನು?” ಎಂದಳು ಕಟ್ಟೆಯ ಮೇಲೆ ಕುಳಿತಿದ್ದ ಸೋದರತ್ತೆ ಕೌಶಲ್ಯಾ. ನರೇಶ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿದ.

“ನಿಂದ್ರು!” ಎಂದು ವಿಠೋಬಾ ಕೂಗಿದರು. ನರೇಶ ಬ್ರೇಕ್ ತುಳಿದ. “ಜರಾ ಎಡಕ್ಕ ತಿರುವೋ ನರ್ಯಾ. ಒಂದ್ ಬೆರಳ್ ಜಾಗಾ ಅದ, ಹಾಳ್ ಮಾಡಬ್ಯಾಡ. ಹಾಂ, ಬಾ… ಬಾ…”

ಕೊನೆಯ ಚಕ್ರ ಇಳಿಯಿತು. ನರೇಶ ಕಾರು ನಿಲ್ಲಿಸಿದ. ವಿಠೋಬಾ ಎದ್ದು, ಕೆನ್ನೆಯ ಧೂಳನ್ನೂ ಒರೆಸಿಕೊಳ್ಳದೆ ಕಟ್ಟೆಯ ಕಡೆ ತಿರುಗಿ, “ಮುಟ್ಟಿಲ್ಲ!” ಎಂದು ಸಾರಿದರು. ಆಮೇಲೆ ಕಾರಿನ ಬಾಗಿಲು ತೆಗೆದು, ಮೊಳಕಾಲಿಗಿಂತ ಕೆಳಗಿದ್ದ ಸೀಟನ್ನೇ ನೋಡುತ್ತ ನಿಂತು, “ಇದರಾಗ ಮೊದಲ ತಲಿ ಹಾಕಬೇಕೋ, ಕಾಲೋ?” ಎಂದು ಕೇಳಿದರು.