ತೊಂಬತ್ತೆಂಟು ಡೆಸಿಬಲ್

"ನೋಡು... ತೊಂಬತ್ತೆಂಟು ಡೆಸಿಬಲ್!"

ಸುಗುಣಾ ಮೇಡಂ ಮೊಬೈಲನ್ನು ತಮಟೆ ಬಡಿಯುವವನ ಮುಖಕ್ಕೇ ಹಿಡಿದರು.

ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವರು. ತುಮಕೂರಿನ ಆ ಬಡಾವಣೆಯ ಸಂಘಕ್ಕೆ ಈಗ ಕಾರ್ಯದರ್ಶಿ. ಸ್ಮಶಾನಕ್ಕೆ ಹೋಗುವ ದಾರಿ ಅವರ ಮನೆ ಮುಂದೆಯೇ...

"ಎಂಬತ್ತೈದು ದಾಟಿದರೇ ಕಿವಿಗೆ ಕೆಟ್ಟದ್ದು. ಮೊದಲು ನಿಲ್ಲಿಸು!"

ಗಂಗಹನುಮಯ್ಯ ಕೋಲು ತಡೆದ. "ಸತ್ತೋರು ಯಾರು ಅಂತಾನೂ ತೋರಿಸ್ತದಾ ಮೇಡಮ್ಮೋರೆ, ನಿಮ್ಮ ಮೊಬೈಲು?"

ತಮಟೆ ನಿಂತದ್ದೇ ತಡ, ಚಟ್ಟದ ಹಿಂದೆ ಬರುತ್ತಿದ್ದ ಹುಡುಗಿಯೊಬ್ಬಳ ಗೋಳು ಬೀದಿಗೆಲ್ಲ ಕೇಳಿಸಿತು. "ಅಪ್ಪಾ..."

ಎಲ್ಲರೂ ತಿರುಗಿ ನೋಡಿದರು. ಅವಳು ತಟ್ಟನೆ ವೇಲನ್ನು ಬಾಯಿಗೆ ತುರುಕಿಕೊಂಡಳು.

ಮೇಡಂ ಅದನ್ನೂ ನೋಡಿದರು. ಏನೂ ಅನ್ನಿಸಲಿಲ್ಲ.

"ಹೀಗೆ ಬಡಿದರೆ ಹೆಣಕ್ಕೆ ಕೇಳಿಸುತ್ತಾ? ಇದಕ್ಕೆ ಏನಾದ್ರೂ ಅರ್ಥ ಇದೆಯಾ?"

"ಅರ್ಥ ಆಗದೇ ಇರ್ಲಿ ಅಂತ ದೇವರನ್ನ ಕೇಳ್ಕೊಳ್ಳಿ. ಅರ್ಥ ಆಗೋ ದಿನ ಒಳ್ಳೇ ದಿನ ಆಗಿರಕಿಲ್ಲ."

"ನನಗೇ ಶಾಪ ಹಾಕ್ತೀಯಾ?"

ಮರುವಾರವೇ ಕಂಬಕ್ಕೆ ಬೋರ್ಡ್ ಬಿತ್ತು... 'ಬಡಾವಣೆಯೊಳಗೆ ತಮಟೆ ನಿಷೇಧ.' ಗಂಗಹನುಮಯ್ಯನ ಹೆಸರು ಬರೆದು ಪೊಲೀಸರಿಗೂ ಅರ್ಜಿ ಹೋಯಿತು.

ಅಂದಿನಿಂದ ಆ ಇನ್ನೂರು ಮೀಟರ್ ದಾರಿಯಲ್ಲಿ ಹೆಣಗಳು ಸದ್ದಿಲ್ಲದೆ ಸಾಗಿದವು. ಮೇಡಂ ಗೇಟಿನಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು.

ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅವರ ಯಜಮಾನರು ನಾಗಭೂಷಣ್, ಪೇಪರ್ ಓದುತ್ತಾ ಕುಳಿತಲ್ಲೇ ಹೋಗಿಬಿಟ್ಟರು.

ಡಾಕ್ಟರಿಗೆ, ನೆಂಟರಿಗೆ ಮೇಡಂ ತಾವೇ ಫೋನ್ ಮಾಡಿದರು. ಕುರ್ಚಿಗಳನ್ನೂ ತಾವೇ ಹಾಕಿಸಿದರು. "ಎಂಥ ಗಟ್ಟಿ ಹೆಂಗಸಪ್ಪಾ!" ಎಂದರು ಬಂದವರು.

ಮೇಡಂಗೆ ಅಳು ಒತ್ತಿ ಬರುತ್ತಿತ್ತು. ಆದರೆ ಹಾಲ್‌ನಲ್ಲಿ ಮೂವತ್ತು ಜನ... ಒಬ್ಬರು ಮೂಗು ಒರೆಸಿಕೊಂಡರೂ ಎಲ್ಲರಿಗೂ ಕೇಳಿಸುವಷ್ಟು ಮೌನ.

ಬಾತ್‌ರೂಮಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ಬಾಯಿ ತೆರೆಯುವಷ್ಟರಲ್ಲಿ ನಾದಿನಿ ಬಾಗಿಲು ತಟ್ಟಿದಳು.

"ಅತ್ತಿಗೇ, ನೀರು ಸುಮ್ನೆ ಹೋಗ್ತಿದೆ... ಟ್ಯಾಂಕ್ ಖಾಲಿಯಾಗುತ್ತೆ!"

ನಲ್ಲಿ ನಿಂತಿತು. ಬಾಯಿಯೂ ಮುಚ್ಚಿಕೊಂಡಿತು.

ಮಧ್ಯಾಹ್ನ ಚಟ್ಟ ಎತ್ತುವ ಹೊತ್ತಿಗೆ ಗಂಗಹನುಮಯ್ಯ ಬೋರ್ಡಿನ ಕೆಳಗೆ ನಿಂತಿದ್ದ. ಹೆಗಲಲ್ಲಿ ತಮಟೆ... ಕೋಲು ಸೊಂಟದಲ್ಲೇ ಇತ್ತು.

ಮೈದುನ ರೇಗಿದ. "ಯಾರಯ್ಯಾ ನಿನ್ನ ಕರೆಸಿದ್ದು?"

"ಯಾರೂ ಇಲ್ಲ ಸ್ವಾಮಿ. ಸಿಕ್ಕಾಗೆಲ್ಲ ಯಜಮಾನ್ರು ಈ ಕಂಬದ ತಾವ ನಿಂತು, 'ಬೇಜಾರ್ ಮಾಡ್ಕೋಬೇಡಪ್ಪಾ' ಅನ್ನೋರು. ಮುಖ ನೋಡೋಕೆ ಬಂದೆ. ಬಡಿಯೋಕಲ್ಲ."

ಮೇಡಂ ಬರಿಗಾಲಲ್ಲೇ ಬೀದಿಗಿಳಿದು ಬಂದರು. "ಹೊಡಿ" ಎಂದರು.

"ಹೊಡಿಯಾಕಿಲ್ಲ. ಬೋರ್ಡ್ ಬರೆಸಿದ್ದು ನೀವೇ... ಓದ್ಕೊಳ್ಳಿ."

ಅವನ ಕಣ್ಣಲ್ಲಿ ಎರಡು ವರ್ಷದ ಸಿಟ್ಟಿತ್ತು.

ಮೇಡಂ ಬೋರ್ಡಿನ ತಂತಿಗೆ ಕೈ ಹಾಕಿದರು. ತುಕ್ಕು ಹಿಡಿದ ತಂತಿ ಬೆರಳು ಕೊಯ್ಯಿತು... ಬಿಡಲಿಲ್ಲ. ಬೋರ್ಡ್ ಮಣ್ಣಿಗೆ ಬಿತ್ತು.

"ಹೊಡೀರಿ, ಗಂಗಹನುಮಯ್ಯನೋರೆ... ನಾನು ಅಳಬೇಕು."

ಅವನು ಸೊಂಟಕ್ಕೆ ಕೈ ಹಾಕಿದ. ಕೋಲು ತಮಟೆಯ ಮೇಲೆ ಬಿತ್ತು.

ಮೂವತ್ತೊಂದು ವರ್ಷ "ರೀ" ಎಂದೇ ಕರೆದಿದ್ದವರು, "ಭೂಷಣಾ..." ಎಂದು ಕಿರುಚಿದರು. ಅವರ ಬಾಯಿ ತೆರೆದಷ್ಟೂ ಅವನು ಹತ್ತಿರ ಬಂದ, ಇನ್ನೂ ಜೋರಾಗಿ ಬಡಿದ.

ಮೂವತ್ತು ಜನ ಪಕ್ಕದಲ್ಲೇ ಇದ್ದರು... ಒಬ್ಬರಿಗೂ ಕೇಳಿಸಲಿಲ್ಲ.

ಆಗ ಮೇಡಂಗೆ ನೆನಪಾಯಿತು... ವೇಲನ್ನು ಬಾಯಿಗೆ ತುರುಕಿಕೊಂಡ ಆ ಹುಡುಗಿ. ಅವಳ ಹೆಸರನ್ನೂ ಅವರು ಕೇಳಿರಲಿಲ್ಲ.

ಸ್ಮಶಾನ ಮುಟ್ಟುವವರೆಗೂ ತಮಟೆ ನಿಲ್ಲಲಿಲ್ಲ. ಎಷ್ಟು ಡೆಸಿಬಲ್ ಎಂದು ಯಾರೂ ಅಳೆಯಲಿಲ್ಲ.

*

ಸಾವಿನ ವಾದ್ಯ ಸತ್ತವರಿಗಲ್ಲ... ಉಳಿದವರು ಬಾಯ್ತುಂಬ ಅಳಲಿ ಅಂತ.

'ಗಲಾಟೆ' ಅಂತ ನೀವು ನಿಲ್ಲಿಸಿದ ಸದ್ದಿನ ಹಿಂದೆ... ಯಾರ ಅಳು ಇತ್ತು?