ಬೆನ್ನ ಮೇಲಿನ ಹಸಿರು

ಸಂಜೆ ಐದಾಗುತ್ತಲೇ ಕಸ್ತೂರಿ ಟೀಚರ್ ಎದುರು ಸಾಲಿನ ಶಮೀಮಳ ಟೇಲರ್ ಅಂಗಡಿಗೆ ಹೋಗಿ, ಅಳತೆ ಕೊಡುವ ಮೂಲೆಯಲ್ಲಿ ಬೆನ್ನು ತೋರಿಸಿ ನಿಲ್ಲುತ್ತಿದ್ದರು. ಕ್ಯಾನ್ಸರಿಗೆ ಮದ್ದು ತೆಗೆದುಕೊಳ್ಳುವವರ ಮೈ ಈಗ ಹೀಗೇ: ಗಡ್ಡೆಯೊಳಗೆ ಕೆಟ್ಟ ಪ್ರೋಟೀನು ಇರುವಷ್ಟು ದಿನ ಚರ್ಮದಡಿ ಹಸಿರು ಬೆಳಕು, ಮದ್ದು ಅದನ್ನು ಒಡೆದು ಹಾಕಿದಂತೆಲ್ಲ ಬೆಳಕೂ ಮಂಕು. ದಿನದ ಬಣ್ಣವನ್ನು ಮನೆಯವರು ಯಾರಾದರೂ ನೋಡಿ ಆಸ್ಪತ್ರೆಯ ಚೀಟಿಯಲ್ಲಿ ಬರೆಯಬೇಕು. ಟೀಚರ ಬೆಳಕು ಇದ್ದದ್ದು ಬೆನ್ನಿನ ನಟ್ಟನಡುವೆ, ಅವರ ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ.

ಶಮೀಮ್ ಪರದೆ ಎಳೆದು, ಆ ಅರೆಗತ್ತಲಲ್ಲಿ ದಾರದ ರೀಲುಗಳನ್ನು ಒಂದೊಂದಾಗಿ ಬೆನ್ನಿಗೆ ಹಿಡಿದು ನೋಡಿ, ಹೊಂದಿದ ಬಣ್ಣವನ್ನು ಚೀಟಿಯಲ್ಲಿ ಬರೆಯುವಳು. ಮೊದಲ ವಾರ ಗಿಳಿಹಸಿರು, ಆಮೇಲೆ ಬಾಳೆಸುಳಿ, ನಿನ್ನೆ ಎಳೆಸೌತೆ. ಅವಳ ಬೆರಳು ತಾಗಿದಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ ಉಳಿಯುತ್ತಿತ್ತು. ಮರುದಿನದ ಸ್ನಾನದವರೆಗೂ ಟೀಚರ್ ಅದನ್ನು ಒರೆಸಿಕೊಳ್ಳುತ್ತಿರಲಿಲ್ಲ.

ಇವತ್ತು ಶಮೀಮ್ ರೀಲು ಹಿಡಿಯಲೇ ಇಲ್ಲ.

"ಟೀಚರ್, ಏನೂ ಇಲ್ರಿ! ಪೂರಾ ಆರಿ ಹೋಗೇತಿ. ಆರಾಮಾದ್ರಿ ನೀವು!" ಎಂದು ಕೂಗಿದಳು. "ನಾಳಿಂದ ಈ ತ್ರಾಸು ಇಲ್ಲ ನಿಮಗ."

ಟೀಚರ್ ತಿರುಗಲಿಲ್ಲ. ರವಿಕೆಯ ಹುಕ್ಕನ್ನೂ ಹಾಕಿಕೊಳ್ಳಲಿಲ್ಲ.

"ಇನ್ನೊಮ್ಮೆ ಛಲೋತಂಗ ನೋಡವ್ವಾ," ಎಂದರು ಮೆಲ್ಲಗೆ. "ಎಲ್ಲ್ಯಾರ ಒಂದೆಳಿ ಹಸರು ಉಳದಿರಬೇಕು."

ಶಮೀಮಳ ನಗು ನಿಂತಿತು. ಅವಳ ಬೆರಳು ಮತ್ತೆ ಬೆನ್ನಿಗೆ ಬಂದು ಹುಡುಕತೊಡಗಿತು. ಆದಷ್ಟು ನಿಧಾನವಾಗಿ ಹುಡುಕಲಿ ಎಂದು ಟೀಚರ್ ಉಸಿರು ಹಿಡಿದು ನಿಂತರು.